ಹನ್ನೊಂದು ಮುಖಗಳು

ಮೂರನೆಯ ಸಲ ಭುಜ ಕೊಟ್ಟು ನೂಕಿದಾಗ ಬೀರು ಸರಿಯಿತು. ಹಿಂದೆ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಗೋಡೆಗೆ ಒರಗಿಸಿದ್ದ ಕ್ಯಾನ್‌ವಾಸುಗಳು. ಹನ್ನೊಂದು.

"ಮದುವೆಯಾದ ವರ್ಷ ಅವರು ಬರೆದದ್ದು. ಸುಟ್ಟುಹಾಕಿದೀನಿ ಅಂತ ಅವರಿಗೆ ಹೇಳಿದ್ದೆ," ಎಂದಳು ಕಲಾವಿದನ ಹೆಂಡತಿ. ಚಿತ್ರಶಾಲೆಗೆ ಫೋನು ಮಾಡಿದವಳು ಅವಳೇ. ಗಂಡ ವಾಕಿಂಗಿಗೆ ಹೋಗುವ ಹೊತ್ತು ನೋಡಿ ಬರಹೇಳಿದ್ದಳು.

ಚಿತ್ರಶಾಲೆಯ ಮೇಲ್ವಿಚಾರಕ ಬಟ್ಟೆ ಬಿಚ್ಚಿದ. ಈ ಕಲಾವಿದನ ಮೇಲೆ ಅವನು ಎರಡು ಪುಸ್ತಕ ಬರೆದಿದ್ದ. ತಿಳಿನೀಲಿ ಕೆರೆಗಳು, ಖಾಲಿ ಆಕಾಶಗಳು. 'ಪ್ರಶಾಂತತೆ' ಎಂಬ ಮಾತು ಪುಟಪುಟಕ್ಕೂ ಬರುತ್ತಿತ್ತು.

ಇಲ್ಲಿ ಕೆರೆಯಿರಲಿಲ್ಲ. ಹನ್ನೊಂದರಲ್ಲೂ ಒಬ್ಬಳೇ ಹುಡುಗಿ. ಊದಿ ಮುಚ್ಚಿದ ಕಣ್ಣು, ಒಡೆದ ತುಟಿ, ಕುತ್ತಿಗೆಯ ಮೇಲೆ ಐದು ಬೆರಳಿನ ಗುರುತು. ಕೆಂಪು ಎಲ್ಲಿ ನೀಲಿಯಾಗುತ್ತದೆ, ನೀಲಿ ಎಷ್ಟನೆಯ ದಿನ ಹಳದಿಗೆ ತಿರುಗುತ್ತದೆ ಎಂಬುದನ್ನೆಲ್ಲ ತಾಳ್ಮೆಯಿಂದ, ಹೆಚ್ಚುಕಡಿಮೆ ಪ್ರೀತಿಯಿಂದ ಕಲಾವಿದ ಬರೆದಿದ್ದ.

ಅದ್ಭುತ, ಎನ್ನಿಸಿತು ಮೇಲ್ವಿಚಾರಕನಿಗೆ. ಎನ್ನಿಸಿದ್ದಕ್ಕೆ ನಾಚಿಕೆಯಾಗಲಿ ಎಂದು ಒಂದು ಕ್ಷಣ ಕಾದ. ಆಗಲಿಲ್ಲ. ಮೂರನೆಯ ಪುಸ್ತಕದ ಮೊದಲ ವಾಕ್ಯ ಮಾತ್ರ ತಾನಾಗಿ ಕೂಡಿಬಂತು.

"ಇದು ನೀವೇ ಅಲ್ವಾಮ್ಮ?"

"ತಗೊಂಡು ಹೋಗಿ. ಜನ ನೋಡ್ಲಿ."

ಮೂರನ್ನು ವ್ಯಾನಿಗೆ ಸಾಗಿಸಿ ಒಳಗೆ ಬಂದರೆ ಮುದುಕ ಕೋಣೆಯ ನಡುವೆ ನಿಂತಿದ್ದ. ಕಾಲಲ್ಲಿ ವಾಕಿಂಗ್ ಶೂ, ಕೈಯಲ್ಲಿ ಬಣ್ಣ ಕೆರೆಯುವ ಚೂರಿ. ಒಂದು ಮುಖ ಆಗಲೇ ಹಣೆಯಿಂದ ಗಲ್ಲದವರೆಗೆ ಹರಿದು ಜೋತುಬಿದ್ದಿತ್ತು.

ಬೇಡ ಸರ್, ಎಂದ ಮೇಲ್ವಿಚಾರಕ, ಸಭೆಗಳಲ್ಲಿ ಹಾರ ಹಾಕುವಾಗಿನ ವಿನಯದಲ್ಲೇ.

"ನಾನು ಬರೆದದ್ದು. ನಾನು ಹರೀತೀನಿ. ನಿನಗೇನಯ್ಯ?"

ಚೂರಿ ಎರಡನೆಯದಕ್ಕೆ ಇಳಿಯಿತು.

ಮುಂದಿನದು ಅರ್ಧ ನಿಮಿಷದ ಮಾತು. ಅವನು ಮುದುಕನ ಬಲಗೈ ಹಿಡಿದ. ಮುದುಕ ಅವನ ಕಿವಿ ಕಚ್ಚಿದ. ರಕ್ತ ಕಾಲರಿಗೆ ಇಳಿಯುತ್ತಿದ್ದಂತೆ ಅವನು ಆ ಕೈಯನ್ನು ಬೆನ್ನ ಹಿಂದಕ್ಕೆ ತಿರುಚಿದ. ಚೂರಿ ಕೆಳಗೆ ಬಿದ್ದ ಮೇಲೂ ತಿರುಚಿದ. ಒಣಕಡ್ಡಿ ಮುರಿದಷ್ಟು ಸದ್ದು. ಮೊದಲೇ ಬಿಡಬಹುದಿತ್ತು ಎಂಬುದು ಅವನಿಗೆ ಗೊತ್ತಿತ್ತು. ಬಿಡದೆ ಇದ್ದಾಗಿನ ಸುಖವೂ.

ಮುದುಕ ಗೋಡೆಗೆ ಒರಗಿ ಕುಸಿದ. ಡಾಕ್ಟರಿಗೆ ಫೋನು ಮಾಡಬೇಕೆಂದು ಮೇಲ್ವಿಚಾರಕ ಹೇಳಿದ. ಹೇಳುತ್ತಲೇ, ಹರಿದ ಕ್ಯಾನ್‌ವಾಸನ್ನು ಹಿಂದಿನಿಂದ ಅಂಟಿಸಲು ಬರುತ್ತದೆಯೇ ಎಂದು ಬೆರಳಿನಿಂದ ಒತ್ತಿ ನೋಡುತ್ತಿದ್ದ.

ಅವಳು ಗಂಡನ ಕಡೆ ಹೋಗಲಿಲ್ಲ. ಫೋನಿನ ಕಡೆಗೂ ಹೋಗಲಿಲ್ಲ. ಒಂದು ಕುರ್ಚಿಯನ್ನು ಕಿಟಕಿಯ ಪಕ್ಕಕ್ಕೆ ಎಳೆದು ಕೂತಳು. ನರೆತ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ, ಎಡಗೆನ್ನೆಯನ್ನು ಬಿಸಿಲಿಗೆ ತಿರುಗಿಸಿ, ಗಲ್ಲ ತುಸು ಮೇಲೆತ್ತಿದಳು. ಪೆಟ್ಟು ತಿಂದು ಹನ್ನೊಂದು ಸಲ ಚಿತ್ರಕ್ಕೆ ಕೂತವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಬೇಗ ಆಗ್ಲಿ," ಎಂದಳು, ಇಬ್ಬರಲ್ಲಿ ಯಾರನ್ನೂ ನೋಡದೆ. "ಬೆಳಕು ಹೋಗುತ್ತೆ."