ಎರಡು ಬೆರಳಿನ ತಪ್ಪು

ಹಲ್ಲಿನ ಡಾಕ್ಟರ ಮನೆಯ ಅಡುಗೆಮನೆಯಲ್ಲಿ ಅಳತೆ ತೆಗೆಯುತ್ತಿದ್ದಾಗ ಅವಳಿಗೆ ಮೂರು ಸಲ ಫೋನ್ ಬಂತು. ಮೂರನೆಯದು ಮುಗಿಯುವಷ್ಟರಲ್ಲಿ ಹೊರಡುವ ಹೊತ್ತಾಗಿತ್ತು. ಅಡುಗೆ ಕಟ್ಟೆಯ ಎತ್ತರವನ್ನು ಕೋಣೆಯ ಬಾಗಿಲ ಪಕ್ಕ ಒಂದೇ ಕಡೆ ಅಳೆದು, ಬರೆದುಕೊಂಡು, ಪುಸ್ತಕ ಮುಚ್ಚಿದಳು. ಹಳೆಯ ಮನೆಗಳಿಗೆ ಹೊಂದುವಂಥ ಅಡುಗೆಮನೆ ಮಾಡಿಕೊಡುವುದೇ ಅವಳ ಕಸುಬು. ನೂರೈವತ್ತು ವರ್ಷದ ಮನೆಯಲ್ಲಿ ನೆಲವೂ ಮಟ್ಟ ಇರುವುದಿಲ್ಲ, ಗೋಡೆಯೂ ನೆಟ್ಟಗಿರುವುದಿಲ್ಲ, ಮೂರು ಕಡೆ ಅಳೆಯದೆ ಗೆರೆ ಎಳೆಯಬೇಡಿ ಅಂತ ಹನ್ನೆರಡು ವರ್ಷದಿಂದ ಬೇರೆಯವರಿಗೆ ಹೇಳಿಕೊಡುತ್ತಿದ್ದವಳೂ ಅವಳೇ.

ಡಾಕ್ಟರು ಕೇಳಿದ್ದು ಸರಳವಾಗಿತ್ತು. "ಹೊಸದು ಎಲ್ಲಾ ಬರಲಿ. ಆದರೆ ಬಂದಿದ್ದು ಮನೆಗೆ ಗೊತ್ತಾಗಬಾರದು, ಅಷ್ಟೇ" ಅಂದು ನಕ್ಕಿದ್ದರು. ಮನೆಯಲ್ಲಿದ್ದವರು ಅವರು ಮತ್ತು ಅವರನ್ನು ಸಾಕಿ ಬೆಳೆಸಿದ ಸೋದರತ್ತೆ. ಅತ್ತೆ ಹುಟ್ಟಿದ್ದೇ ಆ ಮನೆಯಲ್ಲಿ. ಅವರದು ಒಂದೇ ಷರತ್ತು. ಮೂಲೆಯ ಗೋಡೆ ಕಪಾಟನ್ನು ಯಾರೂ ಮುಟ್ಟಕೂಡದು. ಒಂದೇ ಹಲಗೆಯ ಅಗಲವಾದ ಬಾಗಿಲು ಅದರದು. ಚಿಲಕದ ಕೆಳಗೆ ಮರ ಅಂಗೈಯಷ್ಟು ಅಗಲಕ್ಕೆ ನುಣ್ಣಗೆ ಸವೆದಿತ್ತು.

"ನಮ್ಮಮ್ಮ ದಿನಕ್ಕೆ ಇಪ್ಪತ್ತು ಸಲ ಅಲ್ಲೇ ಕೈಯಿಟ್ಟು ತಳ್ಳೋಳು" ಅಂದಿದ್ದರು ಅತ್ತೆ.

ಕೆಲಸ ಶುರುವಾದ ನಾಲ್ಕನೆಯ ವಾರ ಡಾಕ್ಟರೂ ಅತ್ತೆಯೂ ನೆಂಟರ ಮನೆಗೆ ಹೋಗಿದ್ದರು. ಕಟ್ಟೆಯ ಕಲ್ಲು ಕೂರಿಸಿ ಎರಡು ದಿನವಾಗಿತ್ತು. ಬಡಗಿ ಅವಳನ್ನು ಮೂಲೆಗೆ ಕರೆದರು. ಕೂದಲೆಳೆಯಷ್ಟು ವ್ಯತ್ಯಾಸಕ್ಕೂ ಅರ್ಧ ದಿನ ಜಗಳವಾಡುತ್ತಿದ್ದುದರಿಂದ ಅವರನ್ನು ಎಲ್ಲರೂ ಮಿಲಿಮೀಟರ್ ಮಾಮ ಅನ್ನುತ್ತಿದ್ದರು. ಅವಳೂ ಮಾಮ ಅಂತಲೇ ಕರೆಯುತ್ತಿದ್ದಳು. ಮಾಮ ಏನೂ ಹೇಳದೆ ಕಪಾಟಿನ ಬಾಗಿಲು ಎಳೆದು ತೋರಿಸಿದರು. ಅದು ಒಂದಿಷ್ಟು ತೆರೆದು, ಕಲ್ಲಿಗೆ ತಾಗಿ ನಿಂತಿತು. ನೆಲ ಆ ಕಡೆಗೆ ಇಳಿಜಾರಾಗಿತ್ತು. ಕೋಣೆಯ ಬಾಗಿಲ ಪಕ್ಕದ ಅಳತೆಗೆ ಕೂರಿಸಿದ ಕಟ್ಟೆ ಇಲ್ಲಿ ಕಪಾಟಿನ ಕೆಳ ಅಂಚಿಗಿಂತ ಎರಡು ಬೆರಳು ಮೇಲೆ ಬಂದಿತ್ತು.

ಕಲ್ಲು ಬಿಚ್ಚಿಸಿದರೆ ತಪ್ಪು ಯಾರದು ಅಂತ ಕೇಳಿಯೇ ಕೇಳುತ್ತಾರೆ. ಈ ಬೀದಿಯ ಇನ್ನೂ ಮೂರು ಹಳೆ ಮನೆಯವರು ಈ ಅಡುಗೆಮನೆ ನೋಡಿ ತೀರ್ಮಾನ ಮಾಡುತ್ತೇವೆ ಅಂದಿದ್ದರು.

"ಬಾಗಿಲ ಕೆಳಗಡೆ ಎರಡು ಬೆರಳು ಕೊಯ್ದುಬಿಡಿ ಮಾಮ."

"ಒಣಗಿದ ಮರ ಮೇಡಂ. ಸೀಳಿದ್ರೆ?"

"ನಿಮ್ಮ ಕೈಯಲ್ಲಿ ಸೀಳಲ್ಲ."

ಮಾಮ ಅವಳ ಮುಖ ನೋಡಿ ಗರಗಸ ತೆಗೆದುಕೊಂಡರು. ಕೊನೆಯ ಅಂಗುಲದಲ್ಲಿ ಸಣ್ಣಗೆ ಚಿಟ್ ಅಂದ ಸದ್ದಾಯಿತು. ಹಲಗೆ ಕೆಳಗಿಂದ ಮೇಲಿನವರೆಗೆ, ಆ ಸವೆದ ಜಾಗದ ನಡುವೆಯೇ, ಎರಡಾಯಿತು.

"ಅವರಿಗೆ ಹೇಳಿಬಿಡಿ" ಅಂದರು ಮಾಮ.

ಅವಳು ಹೇಳಲಿಲ್ಲ. ಎರಡು ಬೆರಳು ಗಿಡ್ಡವಾದ ಹೊಸ ಹಲಗೆ ತರಿಸಿದಳು. ಮಾಮ ಬೇಡ ಬೇಡ ಅನ್ನುತ್ತಲೇ, ಹಳೆಯದನ್ನು ಮುಂದಿಟ್ಟುಕೊಂಡು ಅದೇ ಅಂಚು, ಅದೇ ಮೊಳೆ ಗುರುತು ಮಾಡಿದರು. ಸವೆದ ಜಾಗವನ್ನು ಮಾತ್ರ ಮಾಡಲು ಒಪ್ಪಲಿಲ್ಲ. ಅದನ್ನು ಅವಳೇ ಮರಳುಕಾಗದ ಹಿಡಿದು ಒಂದು ಮಧ್ಯಾಹ್ನವಿಡೀ ಉಜ್ಜಿದಳು. ಬಣ್ಣ ಬಳಿದು, ಎಣ್ಣೆ ತಿಕ್ಕಿ, ಹಳೆಯ ಚಿಲಕವನ್ನೇ ಕೂರಿಸಿದಳು.

ವಾಪಸು ಬಂದ ಅತ್ತೆ ಅಡುಗೆಮನೆಯನ್ನು ಸುತ್ತು ಹಾಕಿ ನೋಡಿದರು. ಎಲ್ಲ ಚೆನ್ನಾಗಿದೆ ಅಂದರು. ಕೊನೆಗೆ ಕಪಾಟಿನ ಹತ್ತಿರ ಹೋಗಿ, ಅವಳು ಉಜ್ಜಿದ ಜಾಗದ ಮೇಲೆ ಅಂಗೈಯಿಟ್ಟು ಸುಮ್ಮನೆ ನಿಂತರು.

"ಇದೊಂದು ಉಳಿಸಿಕೊಟ್ಯಲ್ಲಮ್ಮ" ಅಂದರು.

ಅವಳು ಚೀಲದಲ್ಲಿ ಏನೋ ಹುಡುಕುವವಳಂತೆ ತಲೆ ಬಗ್ಗಿಸಿದಳು. ಆಮೇಲೆ ಎಷ್ಟೋ ದಿನ ಊಟಕ್ಕೆ ಕೂತಾಗ ಆ ಅಂಗೈ ನೆನಪಿಗೆ ಬರುತ್ತಿತ್ತು. ಹೇಳಿದರೆ ಅತ್ತೆಗೇ ನೋವು, ಹೇಳದಿದ್ದರೆ ಯಾರಿಗೇನು ನಷ್ಟ ಅಂತ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಎರಡು ತಿಂಗಳಿಗೆ ಹವೆ ಬದಲಾಗಿ ಹೊಸ ಮರ ಉಬ್ಬಿತು, ಬಾಗಿಲು ಬಿಗಿಯಾಯಿತು. ಡಾಕ್ಟರೇ ಉಳಿ ಹಿಡಿದು ಅಂಚನ್ನು ಸ್ವಲ್ಪ ಹೆರೆದರು. ಕಂದು ಬಣ್ಣದ ಕೆಳಗೆ ಮರ ಕೆನೆಯ ಹಾಗೆ ಬೆಳ್ಳಗಿತ್ತು.

ಅವರು ಅವಳಿಗೆ ಫೋನ್ ಮಾಡಿದರು. "ನಿಮ್ಮ ಬಡಗಿ ನಮ್ಮ ಬಾಗಿಲು ಹೊಡ್ಕೊಂಡು ಹೋಗಿದಾನೆ. ಹಳೇ ಮರಕ್ಕೆ ಈಗ ಎಷ್ಟು ಬೇಡಿಕೆ ಅಂತ ನನಗೂ ಗೊತ್ತು. ನಿಮ್ಮ ಕಣ್ಣಿಗೂ ಮಣ್ಣೆರಚಿದಾನೆ ನೋಡಿ."

ಬಾಯಿ ತೆರೆದರೆ ಸಾಕಿತ್ತು. ಅವಳ ಬಾಯಿಂದ ಬಂದದ್ದು, "ನಾನು... ವಿಚಾರಿಸ್ತೀನಿ ಡಾಕ್ಟರೇ."

ಅವತ್ತೇ ಸಂಜೆ ಮಾಮ ಫೋನ್ ಮಾಡಿದರು. "ಮೇಡಂ, ಡಾಕ್ಟರು ಮರ ಎಲ್ಲಿ ಅಂತ ಕೇಳಿದ್ರು. ಮೇಡಂನ ಕೇಳಿ ಅಂದೆ. ಅಷ್ಟೇ ಅಂದೆ, ಇನ್ನೇನೂ ಅನ್ನಲಿಲ್ಲ."

"ಎರಡು ದಿನ ಕೊಡಿ ಮಾಮ. ನಾನೇ ಹೋಗಿ ಮಾತಾಡ್ತೀನಿ."

ಎರಡು ದಿನ ಹೋಗಿ ಒಂಬತ್ತಾಯಿತು. ದಿನಾ ಬೆಳಿಗ್ಗೆ ಇವತ್ತು ಹೋಗಬೇಕು ಅಂದುಕೊಳ್ಳುವುದು, ಮಧ್ಯಾಹ್ನ ಏನಾದರೊಂದು ಕೆಲಸ ಮೈಮೇಲೆ ಹಾಕಿಕೊಳ್ಳುವುದು. ಅಷ್ಟರಲ್ಲಿ ಮಾತು ಬೀದಿಯೆಲ್ಲ ಹರಡಿತ್ತು. ಒಬ್ಬರು ಮಾಮನಿಗೆ ಒಪ್ಪಿಸಿದ್ದ ಮೆಟ್ಟಿಲು ರಿಪೇರಿ ಬೇಡ ಅಂದರು. ಇನ್ನೊಬ್ಬರು ಕಿಟಕಿಗಳ ಕೆಲಸ ಕೊಡುತ್ತೇವೆ ಅಂದಿದ್ದವರು ಫೋನೇ ಎತ್ತಲಿಲ್ಲ. ಇದು ಅವಳಿಗೆ ತಿಳಿದದ್ದು ಮೊಳೆ ಅಂಗಡಿಯವನ ಬಾಯಿಂದ. "ಆ ವಯಸ್ಸಲ್ಲಿ ಇಂಥ ಬುದ್ಧಿ ಯಾಕೆ ಬಂತೋ" ಅಂದ ಅವನು. ಅವಳು ತೆಗೆದುಕೊಂಡ ತಿರುಪುಗಳನ್ನು ಅಲ್ಲೇ ಬಿಟ್ಟು ನೆಟ್ಟಗೆ ಮಾಮನ ಶೆಡ್ಡಿಗೆ ಹೋದಳು.

ಶೆಡ್ಡಿನಲ್ಲಿ ಗರಗಸದ ಸದ್ದಿರಲಿಲ್ಲ. ಮಾಮ ಸ್ಟೂಲಿನ ಮೇಲೆ ಕೂತಿದ್ದರು. ಎದುರಿನ ಮೇಜಿನ ಮೇಲೆ ಆ ಹಳೆಯ ಬಾಗಿಲು. ಸೀಳನ್ನು ಅಂಟು ಹಾಕಿ ಕೂಡಿಸಿ, ಕೊಯ್ದ ತುಂಡನ್ನೂ ಕೆಳಗೆ ಸೇರಿಸಿ, ನಾಲ್ಕು ಕಡೆ ಬಿಗಿದಿದ್ದರು.

"ಇದು ನಿಮ್ಮ ಹತ್ರಾನೇ ಇತ್ತಾ?"

"ಒಲೆಗೆ ಹಾಕೋಕೆ ಮನಸ್ಸು ಬರಲಿಲ್ಲ."

"ಮತ್ತೆ ಇದನ್ನೇ ತಗೊಂಡು ಹೋಗಿ ಡಾಕ್ಟರಿಗೆ ತೋರಿಸಬಹುದಿತ್ತಲ್ಲ ಮಾಮ?"

ಮಾಮ ಅವಳನ್ನು ಮಗುವನ್ನು ನೋಡುವಂತೆ ನೋಡಿದರು. "ತಗೊಂಡು ಹೋದ್ರೆ ಏನಂತಾರೆ? ಕದ್ದ ಮಾಲು ಹೊತ್ಕೊಂಡು ತಾನೇ ಬಂದ ಅಂತಾರೆ. ಇದು ಹೇಗೆ ಇಲ್ಲಿಗೆ ಬಂತು ಅಂತ ಹೇಳೋರು ಒಬ್ರೇ ಇದಾರೆ."

ಅವರು ದನಿ ಏರಿಸಿರಲಿಲ್ಲ. ಏರಿಸಿದ್ದರೆ ಅವಳು ಒಂದು ಮಾತಾದರೂ ವಾದಿಸುತ್ತಿದ್ದಳೇನೋ. "ಇದನ್ನ ನನ್ನ ಕಾರಿಗೆ ಇಡೋಣ, ಒಂದು ಕೈ ಹಿಡೀರಿ" ಅಂದಳು.

ಅವಳು ಮನೆ ಮುಟ್ಟಿದಾಗ ಡಾಕ್ಟರು ಕ್ಲಿನಿಕ್ಕಿಗೆ ಹೊರಡುವುದರಲ್ಲಿದ್ದರು. ಅವಳು ಬಾಗಿಲನ್ನು ಅಡುಗೆಮನೆಯ ಗೋಡೆಗೆ ಒರಗಿಸಿಟ್ಟು, ನಿಂತುಕೊಂಡೇ ಅವರಿಗೂ ಅತ್ತೆಗೂ ಎಲ್ಲವನ್ನೂ ಹೇಳಿದಳು. ಒಂದೇ ಕಡೆ ಅಳೆದದ್ದು, ಮಾಮ ಬೇಡವೆಂದರೂ ಕೊಯ್ಯಿಸಿದ್ದು, ಸವೆದ ಜಾಗವನ್ನು ತಾನೇ ಉಜ್ಜಿದ್ದು. ಅದನ್ನು ಹೇಳುವಾಗ ಮಾತ್ರ ಅತ್ತೆಯ ಕಡೆ ನೋಡಲಾಗಲಿಲ್ಲ.

ಡಾಕ್ಟರ ಮುಖ ಕೆಂಪಾಯಿತು. "ಅವತ್ತು ಫೋನಲ್ಲಿ ಕೇಳಿದಾಗ ವಿಚಾರಿಸ್ತೀನಿ ಅಂದ್ರಲ್ಲ, ಯಾರನ್ನ ವಿಚಾರಿಸೋಕೆ ಹೋಗಿದ್ರಿ?"



ಅತ್ತೆ ಹಳೆಯ ಬಾಗಿಲನ್ನು ಮುಟ್ಟಲಿಲ್ಲ. ಮಣೆ ಎಳೆದುಕೊಂಡು ಕೂತರು. "ಬಾಗಿಲ ವಿಷಯ ಹಾಗಿರಲಿ" ಅಂದರು. "ಮೊನ್ನೆ ತರಕಾರಿ ತರೋಕೆ ಹೋದಾಗ ಆ ಬಡಗಿ ಎದುರಿಗೆ ಸಿಕ್ಕಿದ್ರು. ಚೆನ್ನಾಗಿದೀರಾ ಅಂತ ಕೇಳಿದ್ರು. ನಾನು ಮುಖ ತಿರುಗಿಸ್ಕೊಂಡು ಬಂದೆ. ಈ ಎಪ್ಪತ್ತೊಂದು ವರ್ಷದಲ್ಲಿ ಯಾರಿಗೂ ಹಾಗೆ ಮಾಡಿರಲಿಲ್ಲ ನಾನು. ನೀನು ನನ್ನ ಕೈಲಿ ಮಾಡಿಸಿದೆ."

ಅವಳು ಅಷ್ಟು ದಿನ ಹೆದರಿದ್ದು ಬೈಗುಳಕ್ಕೆ, ಕೈತಪ್ಪುವ ಕೆಲಸಗಳಿಗೆ. ಈ ಮಾತಿಗೆ ಅವಳು ತಯಾರಾಗಿರಲಿಲ್ಲ. ಕ್ಷಮಿಸಿ ಅಂದಳು. ಅದು ಅವಳ ಕಿವಿಗೇ ಚಿಲ್ಲರೆಯಾಗಿ ಕೇಳಿಸಿತು.

"ನನ್ನ ಹತ್ರ ಆಮೇಲೆ ಕೇಳುವೆಯಂತೆ" ಅಂದು ಅತ್ತೆ ಎದ್ದರು. ಡಾಕ್ಟರ ಕಡೆ ತಿರುಗಿ, "ಕ್ಲಿನಿಕ್ಕಿಗೆ ತಡವಾದ್ರೆ ಆಗಲಿ, ಹಲ್ಲುನೋವಿನವರು ಒಂದು ಗಳಿಗೆ ಕಾಯ್ತಾರೆ. ಚಪ್ಪಲಿ ಹಾಕ್ಕೋ" ಅಂದರು.

ಅತ್ತೆ ಮತ್ತು ಡಾಕ್ಟರು ಮಾಮನ ಶೆಡ್ಡಿಗೆ ಹೋದರು. ಅಲ್ಲಿ ಏನು ಮಾತಾಯಿತೋ ಅವಳಿಗೆ ಗೊತ್ತಾಗಲಿಲ್ಲ, ಅವಳನ್ನು ಬಾ ಅಂತ ಯಾರೂ ಕರೆಯಲಿಲ್ಲ. ಡಾಕ್ಟರು ತಾವು ದೂರು ಹೇಳಿದವರಿಗೆಲ್ಲ ಅವತ್ತೇ ಫೋನ್ ಮಾಡಿದರಂತೆ. ಕಿಟಕಿಗಳ ಕೆಲಸ ಮಾಮನಿಗೆ ಮರಳಿ ಬಂತು. ಮೆಟ್ಟಿಲಿನದು ಬೇರೆಯವರ ಪಾಲಾಗಿತ್ತು. ಅವಳು ಕಲ್ಲಿನವರನ್ನು ಕರೆಸಿ ಇಡೀ ಕಟ್ಟೆ ಬಿಚ್ಚಿಸಿ ಎರಡು ಬೆರಳು ತಗ್ಗಿಸಿದಳು. ಕೆಲಸ ನಡೆದ ಮೂರು ದಿನ ಅತ್ತೆ ಅವಳಿಗೆ ಕಾಫಿ ಕೊಟ್ಟರು, ಮಾತಾಡಿಸಲಿಲ್ಲ. ಹಳೆಯ ಬಾಗಿಲು ಕೂರಿಸಲು ಡಾಕ್ಟರು ಮಾಮನನ್ನು ತಾವೇ ಕರೆಸಿದರು, ಅವಳು ಅಲ್ಲಿಂದ ಹೋದ ಮೇಲೆ. ಬೀದಿಯ ಉಳಿದ ಮೂರು ಮನೆಗಳಿಂದ ಅವಳಿಗೆ ಕರೆ ಬರಲಿಲ್ಲ.

ಮುಂದಿನ ವರ್ಷ ಮರದ ಡಿಪೋದಲ್ಲಿ ಮಾಮ ಕಂಡರು. ಒಂದೊಂದೇ ಹಲಗೆಯನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡಿ ಬದಿಗಿಡುತ್ತಿದ್ದರು. ಅವಳು ಹತ್ತಿರ ಹೋದಳು. ಅವರ ಮೊಣಕಾಲು ನೋವು ಹೇಗಿದೆ ಅಂತ ಕೇಳಿದಳು. ಮಳೆ ಬಂದಾಗ ಮಾತ್ರ ಅಂದರು. ಅವಳು ಅಲ್ಲೇ ನಿಂತಳು.

"ಒಂದು ಹಳೇ ಮನೆ ಕೆಲಸ ಬಂದಿದೆ ಮಾಮ. ನನ್ನ ಜೊತೆ ಮಾಡ್ತೀರಾ?"

ಮಾಮ ಕೈಯಲ್ಲಿದ್ದ ಹಲಗೆಯನ್ನು ತಿರುವಿ ಇನ್ನೊಂದು ಮೈ ನೋಡಿದರು.

"ನೋಡೋಣ" ಅಂದರು.

ಹೌದು ಅನ್ನುವವರೂ ಹಾಗೇ ಅನ್ನುತ್ತಾರೆ, ಒಲ್ಲದವರೂ ಹಾಗೇ ಅನ್ನುತ್ತಾರೆ. ಅವಳು ಮತ್ತೆ ಕೇಳಲಿಲ್ಲ. ಅವರು ಆರಿಸಿಟ್ಟ ಹಲಗೆಗಳ ಒಂದು ತುದಿ ಹಿಡಿದುಕೊಂಡಳು. ಬೇಡ ಅನ್ನುತ್ತಾರೇನೋ ಅಂತ ಒಂದು ಕ್ಷಣ ಕಾದಳು. ಮಾಮ ಇನ್ನೊಂದು ತುದಿ ಹಿಡಿದರು, ಇಬ್ಬರೂ ಹೊತ್ತು ಗಾಡಿಯ ಕಡೆ ನಡೆದರು.