ಶೇವಂತಿಯ ಪಿಂಚಣಿ ಅರ್ಜಿ

ಬನಹಟ್ಟಿಯ ಬ್ಯಾಂಕೊಂದರಲ್ಲಿ ಕಾರಕೂನನಾಗಿದ್ದ ಗುರುಪಾದನಿಗೆ ಓಣಿಯಲ್ಲಿ ಒಳ್ಳೆಯ ಹೆಸರಿತ್ತು. ಮಗ್ಗದ ಕೆಲಸದವರನ್ನು ಮನೆಯ ಕಟ್ಟೆಯ ಮೇಲೆ ಕೂರಿಸಿಕೊಂಡು, "ದುಡಿಯೂಮುಂದ ಸ್ವಲ್ಪ ತಗದಿಡ್ರಿ. ಕೈ ಸೋತ ಮ್ಯಾಲ ಯಾರ ಮುಂದೂ ನಿಲ್ಲೂದು ಬ್ಯಾಡ" ಎಂದು ತಿಳಿಹೇಳುತ್ತಿದ್ದ.

ಆ ಮಾತು ಕೇಳಿಯೇ ಶೇವಂತಿ ಅವನಲ್ಲಿಗೆ ಬಂದಳು. ಪಕ್ಕದ ಪವರ್‌ಲೂಮ್ ಶೆಡ್ಡಿನಲ್ಲಿ ಇಪ್ಪತ್ತು ವರ್ಷಗಳಿಂದ ನೂಲು ಸುತ್ತುತ್ತಿದ್ದವಳು. ಗಂಡನಿಲ್ಲ, ಒಬ್ಬಳೇ ಮಗಳನ್ನು ಸಾವಳಗಿಗೆ ಕೊಟ್ಟಿದ್ದಳು.

"ಆ ಸರಕಾರದ ಪಿಂಚಣಿಗೆ ನನ್ನ ಹೆಸರೂ ಹಚ್ಚರಿ ಅಣ್ಣಾರ" ಎಂದು ಆಧಾರ್ ಪ್ರತಿ ಕೊಟ್ಟಳು.

ತಿಂಗಳಿಗಿಷ್ಟು ಕಟ್ಟಿದರೆ ಅರವತ್ತರ ಮೇಲೆ ಪಿಂಚಣಿ ಬರುವ, ನಲವತ್ತು ತುಂಬುವುದರೊಳಗೆ ಸೇರಬೇಕಾದ ಯೋಜನೆ ಅದು. ಅವಳಿಗೆ ಇನ್ನೂ ನಾಲ್ಕು ತಿಂಗಳಿದ್ದವು. ಬ್ಯಾಂಕಿನ ಮಾರ್ಚ್ ತಿಂಗಳ ಲೆಕ್ಕದ ಕೆಲಸ ಮುಗಿಯಲಿ ಎಂದುಕೊಂಡ ಗುರುಪಾದ. ಆಮೇಲೆ ಹುನ್ನೂರಿನಲ್ಲಿ ತಂಗಿಯ ಹೊಸ ಮನೆಯ ವಾಸ್ತುಶಾಂತಿ ಬಂತು. ಆಮೇಲೆ ಮರೆತೇಬಿಟ್ಟ. ಚೀಲದಲ್ಲಿ ಆ ಪ್ರತಿ ಮತ್ತೆ ಕೈಗೆ ಸಿಕ್ಕಾಗ ಅವಳ ಹುಟ್ಟಿದ ತಾರೀಕು ದಾಟಿ ಒಂಬತ್ತು ದಿನವಾಗಿತ್ತು.

ಅಂದೇ ಸಂಜೆ ಅವಳು ಅರ್ಜಿ ಏನಾಯಿತೆಂದು ಕೇಳಿದಳು. ಅವನ ಬಾಯಿಂದ ಸುಳ್ಳು ಬಂತು.

"ಆಧಾರದಾಗ ನಿನ್ನ ಬೆರಳಿನ ಗೆರಿ ಸರಿ ಮೂಡಿಲ್ಲ, ತಂಗಿ. ಕಂಪ್ಯೂಟರ್ ಅರ್ಜಿ ತಗೊಳ್ಳವಲ್ದು."

ಶೇವಂತಿ ಬೆರಳುಗಳನ್ನು ನೋಡಿಕೊಂಡಳು. "ಖರೆ ಐತ್ರಿ. ನೂಲು ಹಿಡದ ಹಿಡದ ಸವದಾವ."

ಅವಳು ನಂಬಿದ್ದೇ ಅವನಿಗೆ ಚುಚ್ಚಿತು. ಊಟ ಸೇರಲಿಲ್ಲ. ಆದರೂ ನಿಜ ಹೇಳಲು ಹೋಗಲಿಲ್ಲ.

ಹದಿನೈದು ದಿನದ ಮೇಲೆ ಅವಳು ಬ್ಯಾಂಕಿಗೇ ಬಂದು ಎರಡೂ ಕೈಗಳನ್ನು ಕೌಂಟರಿನ ಮೇಲಿಟ್ಟಳು.

"ದಿನಾ ಕೊಬ್ಬರಿ ಎಣ್ಣಿ ತಿಕ್ಕೇನ್ರಿ. ಎಂಟು ದಿನ ನೂಲು ಮುಟ್ಟಿಲ್ಲ, ಕೆಲಸಕ್ಕೂ ಹೋಗಿಲ್ಲ. ಇವತ್ತ ಮೂಡ್ತಾವೇನ ನೋಡ್ರಿ."

ಗುರುಪಾದನಿಗೆ ಕುಳಿತಿರಲಾಗಲಿಲ್ಲ. ಅವಳನ್ನು ಹೊರಗಿನ ಬೇವಿನ ಮರದ ಕೆಳಗೆ ಕರೆದೊಯ್ದ.

"ತಪ್ಪು ನಿನ್ನ ಬೆರಳಿಂದಲ್ಲ ತಂಗಿ, ನಂದು. ನಾ ಅರ್ಜಿನ ಹಾಕಲಿಲ್ಲ. ಈಗ ವಯಸ್ಸು ದಾಟೇತಿ. ಸುಳ್ಳು ಹೇಳಿದೆ."

ಅವಳು ಎಣ್ಣೆ ತಿಕ್ಕಿದ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು.

"ಅವತ್ತ ಹೇಳಿದ್ರ ಎಂಟು ದಿನದ ಪಗಾರಾದ್ರೂ ಉಳೀತಿತ್ತಲ್ರಿ" ಎಂದಳು.

"ಅದನ್ನ ನಾ ಕೊಡ್ತೇನಿ."

"ಬ್ಯಾಡ್ರಿ. ಬ್ಯಾರೆ ದಾರಿ ಐತೇನ, ಅದನ್ನ ಹೇಳ್ರಿ."

ಅಂಚೆ ಕಚೇರಿಯಲ್ಲಿ ಹದಿನೈದು ವರ್ಷದ ಉಳಿತಾಯ ಖಾತೆ ಇದೆ, ಅದಕ್ಕೆ ವಯಸ್ಸಿನ ಗಡುವಿಲ್ಲ, ಆದರೆ ಅದು ಪಿಂಚಣಿಯಲ್ಲ ಎಂದು ಏನೂ ಮುಚ್ಚಿಡದೆ ಹೇಳಿದ. "ನಾಳೆ ನಾನೂ ಬರ್ತೇನಿ" ಎಂದ.

"ನೀವು ಬರೂದು ಬ್ಯಾಡ್ರಿ, ನಾನ ಹೋಗ್ತೇನಿ" ಎಂದಳು ಶೇವಂತಿ.

ಒಳಗೆ ಬಂದು ಗುರುಪಾದ ಚೀಲ ಬರಿದು ಮಾಡಿದ. ಓಣಿಯ ಇನ್ನಿಬ್ಬರ ಪ್ರತಿಗಳಿದ್ದವು. ಎರಡೂ ಅರ್ಜಿಗಳನ್ನು ಹಾಕಿಯೇ ಊಟಕ್ಕೆ ಎದ್ದ.

ಮರುದಿನ ಶೇವಂತಿ ಜೊತೆಗೆಲಸದ ಸಿದ್ದಕ್ಕನನ್ನು ಕರೆದುಕೊಂಡು ಹೋಗಿ ಖಾತೆ ತೆರೆದಳು. ತಿಂಗಳಿಗೊಮ್ಮೆ ಪಾಸ್‌ಬುಕ್ ಹಿಡಿದು ಅವನ ಮನೆಯ ಮುಂದೆಯೇ ಹಾಯ್ದು ಹೋಗುತ್ತಾಳೆ. "ಆರಾಮ್ರಿ ಅಣ್ಣಾರ?" ಎಂದು ಮೊದಲಿನಂತೆಯೇ ಕೇಳುತ್ತಾಳೆ. ಆದರೆ ನಿಲ್ಲುವುದಿಲ್ಲ. ಗುರುಪಾದನೂ ನಿಲ್ಲು ಎನ್ನುವುದಿಲ್ಲ.