ಕೊಟ್ಟವನ ಹೆಸರಿನ ತಾಟು

ನಾನು ಒಂದು ಸ್ಟೀಲ್ ತಾಟು. ಹುಬ್ಬಳ್ಳಿಯ ಪಾತ್ರೆ ಅಂಗಡಿಯಲ್ಲಿ ಹೊಳೆಯುತ್ತ ಕೂತಿದ್ದ ನನ್ನನ್ನು ಬಸ್ ಡ್ರೈವರ್ ಯಮನಪ್ಪ ಕಟ್ಟಿಮನಿ ತಂಗಿಯ ಮದುವೆಯ ಮುಯ್ಯಿಗೆಂದು ಕೊಂಡ. ಅಂಗಡಿಯವನು ಹೆಸರು ಕೊರೆಯುವ ಮೆಷಿನ್ ಹಚ್ಚಿದ. ಟರ್ರ್ ಎಂದು ಸೂಜಿ ಮೈಮೇಲೆ ಓಡಿತು. ಅಬ್ಬಬ್ಬಾ, ಆ ಉರಿ! ಮುಗಿದಾಗ ನನ್ನ ಅಂಚಿನಲ್ಲಿ 'ಯಮನಪ್ಪ ಕಟ್ಟಿಮನಿ' ಎಂದಿತ್ತು. ಮುಯ್ಯಿ ಪಾತ್ರೆಯ ಮೇಲೆ ಕೊಟ್ಟವರ ಹೆಸರಿರುವುದು ನಮ್ಮ ಕಡೆಯ ರೂಢಿ.

ಉಂಡವಳು ಮಾತ್ರ ತಂಗಿ ಕಾಶವ್ವ. ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಅಂಗಿ ಹೊಲಿಯುವಾಕೆ. ಮೊದಮೊದಲು ನನ್ನ ಮೇಲೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು... ಏನು ವೈಭವ ಅಂತೀರಿ! ಆಮೇಲೆ ಎಣ್ಣೆ ತುಟ್ಟಿಯಾಯಿತು, ಎಣ್ಣೆಗಾಯಿ ಹೋಯಿತು. ಬೇಳೆ ತುಟ್ಟಿಯಾಯಿತು, ಸಾರು ನೀರಾಯಿತು. ಪಗಾರ ಮಾತ್ರ ಕೂತಲ್ಲೇ ಕೂತಿತ್ತು. ಅತ್ತ ಮಾಲೀಕರ ಬಂಗಲೆಯ ಮೇಲೆ ಇನ್ನೊಂದು ಅಂತಸ್ತು ಎದ್ದಿತು. ಗಂಡನಿಗೂ ಮಗಳಿಗೂ ಬಡಿಸಿ ಕಾಶವ್ವ ಕೊನೆಗೆ ನನ್ನನ್ನು ಎಳೆದುಕೊಳ್ಳುತ್ತಿದ್ದಳು. ಇವತ್ತು ಏನಾದರೂ ಉಳಿದಿದೆಯೋ ಇಲ್ಲವೋ ಎಂದು ನನಗೆ ದಿನಾ ಪುಕಪುಕ.

ಒಂದು ದಿನ ಊರ ಹೆಂಗಸರೆಲ್ಲ ಖಾಲಿ ತಾಟು ಹಿಡಿದು ಬೀದಿಗಿಳಿದರು. ಸಾವಿರಾರು ಜನ! "ದುಡಿಯೋರು ನಾವು, ಉಣ್ಣೋರು ಯಾರು?" ಎಂದು ಕೂಗುತ್ತ ಕಾಶವ್ವ ನನ್ನನ್ನು ಸೌಟಿನಿಂದ ಬಾರಿಸಿದಳು. ನೋವಾಯಿತು. ಆದರೂ ಹೊಡಿ ತಾಯಿ, ಇನ್ನೂ ಹೊಡಿ ಅಂದುಕೊಂಡೆ. ಅಷ್ಟರಲ್ಲಿ ಎಲ್ಲಿಂದಲೋ ಕಲ್ಲು ಬಂದು ಬಸ್ಸಿನ ಗಾಜು ಒಡೆಯಿತು. ಲಾಠಿ, ಓಟ, ಕಿರುಚಾಟ. ನಾನು ಅವಳ ಕೈಯಿಂದ ಜಾರಿ ಆ ಬಸ್ಸಿನ ಪಕ್ಕದಲ್ಲೇ ಬಿದ್ದೆ. ಪೇದೆಯೊಬ್ಬ ನನ್ನನ್ನೆತ್ತಿ ಓದಿದ: "ಯಮನಪ್ಪ ಕಟ್ಟಿಮನಿ! ಸಿಕ್ಕ ನೋಡ್ರಿ ಸಾಹೇಬ್ರ!"

ಯಮನಪ್ಪ ವರ್ಷಗಳಾದರೂ ಇನ್ನೂ ಗುತ್ತಿಗೆ ಡ್ರೈವರ್. ಬಸ್ಸಿಗೆ ಕಲ್ಲೆಸೆದ ಕೇಸು ಬಿದ್ದರೆ ಕೆಲಸ ಹೋಯಿತೆಂದೇ ಲೆಕ್ಕ. ಅವತ್ತು ಅವನಿಗೆ ರಜೆ ಬೇರೆ, ಡ್ಯೂಟಿಯಲ್ಲಿದ್ದೆ ಎನ್ನುವಂತೆಯೂ ಇರಲಿಲ್ಲ. ಸಂಜೆ ಅವನನ್ನು ಠಾಣೆಗೆ ಎಳೆತಂದರು. ನನ್ನನ್ನು ಕಂಡ ಕೂಡಲೇ ಅವನಿಗೆ ಎಲ್ಲ ಅರ್ಥವಾಯಿತು.

"ತಾಟು ನಿಂದೇನಲೇ?" ಇನ್ಸ್‌ಪೆಕ್ಟರ್ ಗದರಿದರು.

"ಹೆಸರ ನಂದೈತಲ್ರೀ."

ತಂಗಿಯ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ ಪುಣ್ಯಾತ್ಮ. ಅಯ್ಯೋ, ಹಣೆಯ ಮೇಲೆ ಬೇರೆಯವರ ಹೆಸರು ಬರೆಸಿಕೊಂಡ ಪಾಪಿ ನಾನು! ಬಾಯಿದ್ದಿದ್ದರೆ ಕೂಗಿ ಹೇಳುತ್ತಿದ್ದೆ.

ಅಷ್ಟರಲ್ಲಿ ಕಾಶವ್ವ ಏದುಸಿರು ಬಿಡುತ್ತ ಓಡಿಬಂದಳು. "ತಾಟು ನಂದ್ರೀ ಸಾಹೇಬ್ರ."

"ಇವನ ಹೆಸರೈತಲ್ಲ?"

"ಅದು ಮುಯ್ಯಿ ಕೊಟ್ಟಾವನ ಹೆಸರ್ರೀ. ಉಣ್ಣಾಕಿ ಹೆಸರ ಯಾರ ಕೊರಸ್ತಾರ್ರೀ? ನಿಮ್ಮ ಅಡಗಿಮನ್ಯಾಗ ಹೋಗಿ ನೋಡ್ರಿ, ನಿಮ್ಮ ಹೆಣ್ತಿ ಹೆಸರಿನ ತಾಟು ಎಷ್ಟ ಅದಾವಂತ."

ಇನ್ಸ್‌ಪೆಕ್ಟರ್ ನನ್ನನ್ನು ತಿರುಗಿಸಿ ಹೆಸರನ್ನು ಮತ್ತೊಮ್ಮೆ ಓದಿದರು. ಯಮನಪ್ಪ ಅತ್ತೇಬಿಟ್ಟ. "ಯಾಕ ಬಂದ್ಯವ್ವಾ? ಮನ್ಯಾಗ ಕೂಸೈತಿ."

"ನಿನ್ನ ನೌಕರಿ ಹೋದ್ರ ಎರಡೂ ಮನಿ ಉಪವಾಸ, ಅಣ್ಣಾ." ಅವಳು ಇನ್ಸ್‌ಪೆಕ್ಟರ್ ಕಡೆ ತಿರುಗಿದಳು. "ಕಲ್ಲು ನಾ ಒಗದಿಲ್ರೀ. ತಾಟು ಬಡದೀನಿ. ಹಂಗ ಬರಕೋರಿ."

ಅಣ್ಣನನ್ನು ಬಿಟ್ಟರು. ಕೇಸು ಅವಳ ಮೇಲೆ ಬಿತ್ತು. ನಾನೀಗ ಠಾಣೆಯ ಮುದ್ದೆಮಾಲು ಕೋಣೆಯಲ್ಲಿ, ವಶಪಡಿಸಿಕೊಂಡ ಸೈಕಲ್ಲುಗಳ ಸಂದಿಯಲ್ಲಿ, ಧೂಳು ತಿನ್ನುತ್ತ ಮುಪ್ಪಾಗುತ್ತಿದ್ದೇನೆ. ಮೈಗೆ ಚೀಟಿ ಅಂಟಿಸಿದ್ದಾರೆ: 'ಆರೋಪಿ: ಕಾಶವ್ವ ಬಾರಕೇರ'. ಅವಳ ಹೆಸರು ನನ್ನ ಮೇಲೆ ಬಂದದ್ದು ಇದೇ ಮೊದಲು. ಫ್ಯಾಕ್ಟರಿಯವರು ಅವಳನ್ನು ಇಟ್ಟುಕೊಂಡರೋ ತೆಗೆದರೋ, ಅವಳು ಉಣ್ಣುತ್ತಿದ್ದಾಳೋ ಇಲ್ಲವೋ, ಯಾರನ್ನು ಕೇಳಲಿ? ಆಗಾಗ ಹೊರಗೆ ಬೀದಿಯಲ್ಲಿ ತಾಟುಗಳ ಸದ್ದು ಏಳುತ್ತದೆ. ಉಸಿರು ಬಿಗಿಹಿಡಿದು ಆಲಿಸುತ್ತೇನೆ, ಅಷ್ಟು ಏಟುಗಳಲ್ಲಿ ಅವಳ ಏಟು ಯಾವುದೆಂದು ಹುಡುಕುತ್ತೇನೆ. ಇನ್ನೂ ಸಿಕ್ಕಿಲ್ಲ.